ಎಂಟು ಮೂಟೆ ಬೆಲ್ಲ

ಅನಂತಪುರದ ಕಾಲೇಜಿನಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ದೊಡ್ಡಬಸಪ್ಪನವರು ಒಂದು ಪಾಠ ನಡೆಸುತ್ತಿದ್ದರು. ಅದಕ್ಕೆ ಪರೀಕ್ಷೆ ಇರಲಿಲ್ಲ, ಆದ್ದರಿಂದ ಹುಡುಗರೂ ಹೆಚ್ಚು ಇರಲಿಲ್ಲ. ಅವರು ಇತಿಹಾಸ ಹೇಳಿಕೊಡಲು ಬಂದ ಮೇಷ್ಟರು, ಚೋರನೂರಿನವರು. ಊರೂರಿಗೆ ಆಡಳಿತದ ಬೋರ್ಡು ಬಂದಿದೆ, ಚುನಾವಣೆ ಬಂದಿದೆ, ಓದಿದವನಿಗೆ ಒಂದು ಅರ್ಜಿ ನೆಟ್ಟಗೆ ಬರೆಯಲು, ಸಭೆಯಲ್ಲಿ ನಿಂತು ನಾಲ್ಕು ಮಾತಾಡಲು ಬರಬೇಕು, ಅದಕ್ಕಿಂತ ಹೆಚ್ಚಾಗಿ ಬೇರೆಯವರು ಆಡಿದ ಮಾತಿನ ಒಳಗನ್ನು ನೋಡಲು ಬರಬೇಕು ಎಂಬುದು ಅವರ ಹಟ. ಕಾಲೇಜಿನವರು ಇಂಗ್ಲಿಷಿನಲ್ಲಿ ನಡೆಸಿ ಎಂದಿದ್ದರು. ದೊಡ್ಡಬಸಪ್ಪನವರು ಹತ್ತು ನಿಮಿಷ ಇಂಗ್ಲಿಷಿನಲ್ಲಿ ನಡೆಸಿ ಆಮೇಲೆ ಕನ್ನಡಕ್ಕೋ ತೆಲುಗಿಗೋ ಇಳಿದುಬಿಡುತ್ತಿದ್ದರು.

೧೯೩೫ರ ಒಂದು ಶುಕ್ರವಾರ ಅವರು, "ಬರೋ ವಾರ ಒಬ್ಬೊಬ್ಬರೂ ಒಂದು ಕಾಗದ ತರ್ರಿ," ಎಂದರು. "ಅರ್ಜಿ ಆಗಲಿ, ನೋಟೀಸ್ ಆಗಲಿ, ಭಾಷಣ ಆಗಲಿ. ಯಾರೋ ಯಾರನ್ನೋ ನಂಬಿಸಾಕ ಬರೆದಿದ್ದು ಆಗಿರಬೇಕು. ಬಿಚ್ಚಿ ನೋಡೋಣು."

ಮುಂದಿನ ವಾರ ಬಹಳ ಮಂದಿ ಪತ್ರಿಕೆಯಲ್ಲಿ ಬಂದ ಭಾಷಣಗಳನ್ನು ಕತ್ತರಿಸಿಕೊಂಡು ಬಂದರು. ಕೊನೆಯ ಬೆಂಚಿನ ಹುಲುಗಪ್ಪ ಮಾತ್ರ ನಾಲ್ಕು ಮಡಿಕೆಯಾಗಿ ಹರಿಯಲು ಬಂದಿದ್ದ ಒಂದು ಹಾಳೆ ತಂದಿದ್ದ. ಅದು ಹತ್ತು ವರ್ಷದ ಹಿಂದೆ ಕೋರ್ಟಿಗೆ ಕೊಟ್ಟ ಒಂದು ಹೇಳಿಕೆಯ ನಕಲು. ಮೇಷ್ಟರು ಅದನ್ನು ಗಟ್ಟಿಯಾಗಿ ಓದಿದರು.

"ಕಂಪ್ಲಿಯ ಅಂಬಿಗರ ಮುದುಕಪ್ಪನಾದ ನಾನು ಬರೆಸಿಕೊಟ್ಟ ಹೇಳಿಕೆ. ಆ ದಿನ ಬೆಳಿಗ್ಗೆ ನಾನು ಸೇಂದಿ ಕುಡಿದಿದ್ದೆನು. ಹರಿಗೋಲಿನಲ್ಲಿ ನಿಯಮಕ್ಕೆ ಮೀರಿ ಭಾರ ಹೇರಲ್ಪಟ್ಟಿತ್ತು. ನಾನು ಹೊಳೆಯ ರಭಸವನ್ನು ಲಕ್ಷಿಸದೆ ಹುಟ್ಟು ಹಾಕಿದೆನು. ನಡುಹೊಳೆಯಲ್ಲಿ ಹರಿಗೋಲು ಮಗುಚಲ್ಪಟ್ಟು ಏಳು ಜೀವಗಳು ನಷ್ಟವಾದವು. ಗುತ್ತಿಗೆದಾರರದು ಇದರಲ್ಲಿ ಯಾವ ತಪ್ಪೂ ಇರುವುದಿಲ್ಲ."

ಮೇಷ್ಟರು ಎರಡನೆಯ ಸಲ ಮನಸ್ಸಿನಲ್ಲೇ ಓದಿಕೊಂಡರು. "ಇದನ್ನ ಬರೆದಾವ ಭಾಳ ಶಾಣ್ಯಾ," ಎಂದರು. "ನೋಡ್ರಿ. ಅಂಬಿಗನ ತಪ್ಪು ಬಂದಲ್ಲೆಲ್ಲ 'ನಾನು' ಎದಿ ಕೊಟ್ಟು ನಿಂತೈತಿ. ನಾನು ಕುಡಿದೆ, ನಾನು ಹುಟ್ಟು ಹಾಕಿದೆ. ಭಾರದ ಮಾತು ಬಂದ ಕೂಡಲೆ ಮನುಷ್ಯಾನ ಮಾಯ. ಹೇರಲ್ಪಟ್ಟಿತ್ತು! ಯಾರು ಹೇರಿದರು? ಭಾರ ತಾನಾಗೇ ನಡಕೊಂತ ಬಂದು ಹತ್ತಿತೇನು?"

ಹುಡುಗರು ನಕ್ಕರು. ಹುಲುಗಪ್ಪ ಎದ್ದು ನಿಂತ.

"ಹೇರಿಸಿದ್ದು ಜಡೆಪ್ಪ ಸಾವ್ಕಾರ್ರು, ಸರ್."

"ನಿನಗ ಹೆಂಗ ಗೊತ್ತು?"

"ಮುದುಕಪ್ಪ ನಮ್ಮಪ್ಪ, ಸರ್."

ನಗು ನಿಂತಿತು. ದೊಡ್ಡಬಸಪ್ಪನವರು ಹಾಳೆಯನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿ, ಬೆಂಚಿನವರೆಗೆ ನಡೆದು ಬಂದು ಅವನ ಕೈಗೆ ಕೊಟ್ಟರು.

ನಡೆದದ್ದು ಹೀಗೆ. ೧೯೨೫ರ ಶ್ರಾವಣದಲ್ಲಿ ಕಂಪ್ಲಿಯ ಕೋಟೆಯ ಕೆಳಗೆ ಹೊಳೆ ಏರುತ್ತಿತ್ತು. ಆಚೆ ದಂಡೆ ನಿಜಾಮನ ಸೀಮೆ. ಅಲ್ಲಿಯ ಸಂತೆಗೆ ಹೋಗುವವರೆಲ್ಲ ಹರಿಗೋಲಿನಲ್ಲೇ ದಾಟಬೇಕು. ದಾಟಿಸುವ ಗುತ್ತಿಗೆ ಜಡೆಪ್ಪನವರದು, ಅವರ ಕೈಕೆಳಗೆ ಹುಟ್ಟು ಹಾಕುವವನು ಮುದುಕಪ್ಪ. ಆ ಸೋಮವಾರ ಹರಿಗೋಲಿನಲ್ಲಿ ಹನ್ನೆರಡು ಜನ ಕೂತಿದ್ದರು. ಅವರ ಜೊತೆಗೆ ಜಡೆಪ್ಪನವರ ಎಂಟು ಮೂಟೆ ಬೆಲ್ಲ. ಹರಿಗೋಲು ಮುಳುಗಿದಾಗ ಐದು ಜನ ಈಜಿಯೋ ಯಾರನ್ನಾದರೂ ಹಿಡಿದುಕೊಂಡೋ ದಡ ಸೇರಿದರು. ಆ ಐವರಲ್ಲಿ ಇಬ್ಬರನ್ನು ಮುದುಕಪ್ಪ ಎರಡು ಸಲ ನೀರಿಗೆ ಹಾರಿ ಎಳೆದು ತಂದ. ಹೊಳೆಮ್ಮ ಎಂಬವಳ ಹದಿನಾರು ವರ್ಷದ ಮಗಳ ಸೆರಗು ಅವನ ಕೈಗೆ ಸಿಕ್ಕಿತ್ತು. ಸೆರಗು ಕೈಯಲ್ಲಿ ಉಳಿಯಿತು, ಹುಡುಗಿ ಉಳಿಯಲಿಲ್ಲ.

ಮುದುಕಪ್ಪ ಮಿಕ್ಕ ದಿನ ಸೇಂದಿ ಕುಡಿಯುತ್ತಿದ್ದದ್ದು ನಿಜ. ಆದರೆ ಶ್ರಾವಣದಲ್ಲಿ ಅದನ್ನು ಮೂಸುತ್ತಲೂ ಇರಲಿಲ್ಲ. ಮೂರನೆಯ ದಿನ ಜಡೆಪ್ಪನವರು ಅವನನ್ನು ಹೊಸಪೇಟೆಗೆ ಕರೆದುಕೊಂಡು ಹೋಗಿ, ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವ ಉಜ್ಜಿನಪ್ಪನ ಹತ್ತಿರ ಕೂರಿಸಿದರು. "ಇದಕ್ಕ ಹೆಬ್ಬೆಟ್ಟು ಒತ್ತು. ದಂಡ ಹಾಕಿ ಬಿಡ್ತಾರ. ದಂಡ ನಾ ಕಟ್ತೀನಿ," ಎಂದರು. ಓದು ಬಾರದ, ಮೂರು ದಿನದಿಂದ ಕಣ್ಣು ಮುಚ್ಚದ ಮನುಷ್ಯ ಒತ್ತಿದ. ಎರಡು ವರ್ಷ ಕಠಿಣ ಸಜೆಯಾಯಿತು.

ಅವನು ಜೈಲಿನಿಂದ ಬಂದಾಗ ಕಂಪ್ಲಿಯಲ್ಲಿ ಯಾರೂ ಅವನ ಹರಿಗೋಲು ಹತ್ತಲಿಲ್ಲ. ಕುಡಿದು ಏಳು ಮಂದಿಯನ್ನು ಮುಳುಗಿಸಿದವನು ಎಂದು ಕೋರ್ಟೇ ಹೇಳಿತ್ತಲ್ಲ. ಅವನು ಕಬ್ಬಿನ ತೋಟಗಳಲ್ಲಿ ಕೂಲಿಗೆ ಹೋದ. ಹೆಂಡತಿ ವಿರುಪಮ್ಮ ಸಂಡೂರಿನ ಗಣಿಗೆ ಅದಿರಿನ ಬುಟ್ಟಿ ಹೊರಲು ಹೋಗಿ, ಮಗನನ್ನು ಹೊಸಪೇಟೆಯಲ್ಲಿ ಓದಿಸಿದಳು. ಮಗ ಓದಿದ್ದು ನೌಕರಿಗಲ್ಲ. ಹತ್ತನೆಯ ವರ್ಷದಲ್ಲೇ ಅವನಿಗೆ ಒಂದು ವಿಷಯ ತಿಳಿದಿತ್ತು: ತನ್ನ ತಂದೆಯನ್ನು ಹೊಡೆದದ್ದು ಬಡಿಗೆಯಲ್ಲ, ಕಾಗದ. ಹಾಗಾದರೆ ಜಡೆಪ್ಪನನ್ನೂ ಕಾಗದದಲ್ಲೇ ಹೊಡೆಯಬೇಕು. ಆದರೆ ಆ ಕಾಗದದ ಪೆಟ್ಟು ಎಲ್ಲಿಂದ ಬಿತ್ತು ಎಂಬುದು ಆ ಶುಕ್ರವಾರದವರೆಗೆ ಅವನಿಗೆ ಗೊತ್ತಿರಲಿಲ್ಲ. ಎಷ್ಟು ಸಲ ಓದಿದರೂ ಸುಳ್ಳು ಸೇಂದಿಯಲ್ಲಿದೆ ಎಂದೇ ಅಂದುಕೊಂಡಿದ್ದ. ನಿಜವಾದ ಸುಳ್ಳು 'ಹೇರಲ್ಪಟ್ಟಿತ್ತು' ಎಂಬ ಒಂದು ಪದದಲ್ಲಿತ್ತು. ಅದರೊಳಗೆ ಜಡೆಪ್ಪ ಹತ್ತು ವರ್ಷ ತಣ್ಣಗೆ ಕೂತಿದ್ದ.

ಆಮೇಲೆ ಹುಲುಗಪ್ಪ ಒಂದು ಶುಕ್ರವಾರವನ್ನೂ ಬಿಡಲಿಲ್ಲ. ಕೇಳುವವನ ಕಿವಿಗೆ ಮೊದಲು ಏನು ಹಾಕಬೇಕು, ಕೊನೆಗೆ ಏನು ಉಳಿಸಬೇಕು, ಸಭೆಯಲ್ಲಿ ಪ್ರಶ್ನೆ ಕೇಳಿ ಉತ್ತರವನ್ನು ಜನರ ಬಾಯಿಂದಲೇ ಹೇಗೆ ಹೊರಡಿಸಬೇಕು, ಮಾನನಷ್ಟದ ದಾವೆಗೆ ಸಿಗದಂತೆ ಹೇಗೆ ಬರೆಯಬೇಕು, ಎಲ್ಲವನ್ನೂ ಕಲಿತ. ಬೇರೆ ಹುಡುಗರು ಉಪ್ಪಿನ ತೆರಿಗೆಯ ಬಗ್ಗೆ, ಪಾನನಿರೋಧದ ಬಗ್ಗೆ ಭಾಷಣ ಬರೆದರೆ ಇವನು ಬರೆದದ್ದರಲ್ಲೆಲ್ಲ ಒಬ್ಬ ಗುತ್ತಿಗೆದಾರ ಇರುತ್ತಿದ್ದ. ದೊಡ್ಡಬಸಪ್ಪನವರು ಒಮ್ಮೆ ಅವನನ್ನು ಪಾಠ ಮುಗಿದ ಮೇಲೆ ನಿಲ್ಲಿಸಿಕೊಂಡರು.

"ಹುಲುಗಪ್ಪ, ನಿನ್ನ ಬರಹ ಚಲೋ ಆಗಾಕ ಹತ್ಯಾವ. ನೀನು ಚಲೋ ಆಗಾಕ ಹತ್ತೀಯೋ ಇಲ್ಲೋ ನನಗ ತಿಳಿವಲ್ದು."

"ನಾ ಚಲೋ ಆಗಾಕ ಬಂದಿಲ್ರಿ ಸರ್."

"ಹಂಗಾದ್ರ ಒಂದು ಮಾತು ಕೇಳು. ಬಿಟ್ಟ ಮಾತೂ ಒಂದು ಮಾತು. ಬರೆಯೋವಾಗ ನೀ ಏನು ಬಿಟ್ಟಿ ಅನ್ನೋದನ್ನ ನಿನ್ನ ವೈರಿ ಹುಡುಕ್ತಾನ. ಅವ ಹುಡುಕದಿದ್ರ ಇನ್ನೊಬ್ಬರು ಹುಡುಕ್ತಾರ."

ಹುಲುಗಪ್ಪ ತಲೆಯಾಡಿಸಿದ. ಅದನ್ನೂ ಬರೆದುಕೊಂಡ.

೧೯೩೬ರಲ್ಲಿ ಕಾಲೇಜು ಮುಗಿಯುವ ಹೊತ್ತಿಗೆ ಜಿಲ್ಲಾ ಬೋರ್ಡಿನ ಚುನಾವಣೆ ಬಂತು. ಕಂಪ್ಲಿಯ ಕಡೆಯಿಂದ ಜಡೆಪ್ಪನವರು ನಿಂತಿದ್ದಾರೆ ಎಂಬ ಸುದ್ದಿ ಬಂದ ದಿನ ಹುಲುಗಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಯೊಳಗೆ ಕೂತವನನ್ನು ಹೊಡೆಯುವುದು ಕಷ್ಟ. ಕಟ್ಟೆಯ ಮೇಲೆ ಹತ್ತಿ ನಿಂತವನು ಎಲ್ಲ ಕಡೆಯಿಂದಲೂ ಕಾಣುತ್ತಾನೆ.

ಅವನು ಊರಿಗೆ ಹೋಗುವ ಮೊದಲು ಹಂಪಿಗೆ ಹೋದ. ಅರ್ಜಿ ಬರೆಯುತ್ತಿದ್ದ ಉಜ್ಜಿನಪ್ಪ ಈಗ ಕಣ್ಣು ಮಂಜಾಗಿ, ಹಂಪಿಯ ಬಜಾರಿನ ಕಲ್ಲು ಮಂಟಪವೊಂದರಲ್ಲಿ ಮಗಳ ಜೊತೆ ಇದ್ದ. ಮಗಳು ಮುಂದೆ ತೆಂಗಿನಕಾಯಿ, ಊದಿನಕಡ್ಡಿ ಇಟ್ಟುಕೊಂಡು ಮಾರುತ್ತಿದ್ದಳು. ಮುದುಕ ಒಳಗೆ ಕಂಬಕ್ಕೆ ಒರಗಿ ಕೂತಿದ್ದ.

"ಯಾರಪ್ಪಾ ನೀನು?"

"ಕಂಪ್ಲಿ ಮುದುಕಪ್ಪನ ಮಗ."

ಉಜ್ಜಿನಪ್ಪ ಕೈಯಿಂದ ತಡವಿ ಪಕ್ಕದಲ್ಲಿ ಜಾಗ ಮಾಡಿದ. ಆಮೇಲೆ, "ಕುಂದ್ರು," ಎಂದ. "ಇಷ್ಟು ತಡ ಮಾಡಿ ಬಂದಿ. ಭಾಳ ದಿನದಿಂದ ಕಾಯಾಕ ಹತ್ತಿದ್ದೆ."

ಅವನ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಕರಡುಗಳ ಕಟ್ಟುಗಳಿದ್ದವು. ಶುದ್ಧ ಪ್ರತಿ ಮಾಡುವ ಮೊದಲು ಕಕ್ಷಿದಾರ ಹೇಳಿದ್ದನ್ನು ಹೇಳಿದ ಹಾಗೆ ಗೀಚಿಕೊಳ್ಳುವುದು ಅವನ ಪದ್ಧತಿ. ಆವತ್ತು ಮುದುಕಪ್ಪ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದ. ಜಡೆಪ್ಪನವರು ಅದನ್ನು ಓದಿ ಪಕ್ಕಕ್ಕೆ ಎಸೆದು ಬೇರೆ ಬರೆಸಿದ್ದರು. ಎಸೆದದ್ದನ್ನು ಉಜ್ಜಿನಪ್ಪ ಎತ್ತಿಟ್ಟುಕೊಂಡಿದ್ದ. ಮಗಳು ಹುಡುಕಿ ಕೊಟ್ಟಳು.

"ಹೊಳಿ ಏರಾಕ ಹತ್ತಿತ್ತು. ಸಾವ್ಕಾರ್ರು ಬೆಲ್ಲದ ಮೂಟಿ ಎಂಟು ಹೇರಿಸಿದ್ರು. ಬ್ಯಾಡ್ರಿ, ನೀರು ಭಾಳ ಐತಿ ಅಂದೆ. ಆಗದಿದ್ರ ನಾಳಿಂದ ಹೊಳಿಗೆ ಬರಬ್ಯಾಡ ಅಂದ್ರು. ಆಮ್ಯಾಲ ನಾ ಹುಟ್ಟು ಹಾಕಿದೆ. ಹಾಕಬಾರದಾಗಿತ್ತು. ತಪ್ಪು ನಂದೂ ಐತಿ."

ಹುಲುಗಪ್ಪ ಅದನ್ನು ಎರಡು ಸಲ ಓದಿದ. ಹನ್ನೊಂದು ವರ್ಷದ ಹಿಂದಿನ ತಂದೆಯ ದನಿ ಕಾಗದದೊಳಗಿಂದ ಹಾಗೇ ಕೇಳುತ್ತಿತ್ತು.

"ನೀವು ಇದಕ್ಕ ಸಾಕ್ಷಿ ಹೇಳ್ತೀರೇನು?"

"ಹೇಳ್ತೀನಿ. ಸಾಯೋ ಮುಂದ ಇದೊಂದು ಹೊರಿ ಇಳಿಯಲಿ. ಆದ್ರ ನಿನಗ ಇದು ಯಾಕ?"

"ಓದಾಕ."

"ಅಲ್ಲ," ಎಂದ ಉಜ್ಜಿನಪ್ಪ. "ಕೊಯ್ಯಾಕ. ನಿನ್ನ ದನಿಯಾಗ ಗೊತ್ತಾಗ್ತೈತಿ. ಒಯ್ಯಿ."

ಹೊಸಪೇಟೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ಹುಲುಗಪ್ಪ ಐದುನೂರು ಕರಪತ್ರ ಹಾಕಿಸಿದ. ಎಡಗಡೆ ಕೋರ್ಟಿನ ಹೇಳಿಕೆ, ಬಲಗಡೆ ಮುದುಕಪ್ಪನ ನಿಜವಾದ ಮಾತು. ಕೆಳಗೆ ಹುಲುಗಪ್ಪನ ಸ್ವಂತ ವಾಕ್ಯಗಳು, ಒಂದೊಂದೂ ಚಿಕ್ಕದು, ಒಂದೊಂದರ ಮುಂದೂ ಒಂದೇ ಹೆಸರು: "ಜಡೆಪ್ಪನವರು ಎಂಟು ಮೂಟೆ ಬೆಲ್ಲ ಹೇರಿಸಿದರು. ಜಡೆಪ್ಪನವರು ಬೇಡವೆಂದವನನ್ನು ಬೆದರಿಸಿದರು. ಜಡೆಪ್ಪನವರು ಸುಳ್ಳು ಬರೆಸಿದರು. ಜಡೆಪ್ಪನವರು ಈಗ ನಿಮ್ಮ ಓಟು ಕೇಳುತ್ತಿದ್ದಾರೆ." ಕೊನೆಗೆ ತನ್ನ ಹೆಸರು, ಊರು, ತಂದೆಯ ಹೆಸರು.

ಬಲಗಡೆಯ ಅಂಕಣದಲ್ಲಿ ಒಂದು ಕೆಲಸ ಮಾಡಿದ್ದ. 'ಆಮ್ಯಾಲ ನಾ ಹುಟ್ಟು ಹಾಕಿದೆ' ಎಂಬುದರಿಂದ ಹಿಡಿದು ಕೊನೆಯ ಮೂರು ವಾಕ್ಯಗಳನ್ನು ಬಿಟ್ಟಿದ್ದ. ಅವುಗಳ ಜಾಗದಲ್ಲಿ ತನ್ನದೊಂದು ವಾಕ್ಯ ಸೇರಿಸಿದ್ದ: "ಹರಿಗೋಲು ಹೊರಟಿತು." ಅಚ್ಚುಮೊಳೆ ಜೋಡಿಸುವವನು ಎರಡೂ ಹಾಳೆ ನೋಡಿ, "ಇದರಾಗ ಇನ್ನೂ ಐತಲ್ಲಪ್ಪ?" ಎಂದು ಕೇಳಿದ. "ಜಾಗ ಇಲ್ಲ," ಎಂದ ಹುಲುಗಪ್ಪ. ಜಾಗ ಬೇಕಾದಷ್ಟಿತ್ತು.

ಎರಡೇ ದಿನದಲ್ಲಿ ಕರಪತ್ರ ಕಂಪ್ಲಿಯ ಅಂಗಡಿಗಳಲ್ಲಿ, ಆಲೆಮನೆಗಳಲ್ಲಿ, ಹೊಳೆಯ ದಂಡೆಯಲ್ಲಿ ಕೈಯಿಂದ ಕೈಗೆ ಹೋಯಿತು. ಓದು ಬಂದವರು ಬಾರದವರಿಗೆ ಓದಿ ಹೇಳಿದರು. ಓಟು ಇದ್ದವರು ಊರಿನಲ್ಲಿ ಹತ್ತರಲ್ಲಿ ಒಬ್ಬರಷ್ಟೇ. ಆದರೆ ಉಳಿದ ಒಂಬತ್ತು ಮಂದಿಯ ಬಾಯಿ ಕಟ್ಟಲು ಯಾರಿಗಾಗುತ್ತದೆ? ಜಡೆಪ್ಪನವರ ಮನೆಯ ಮುಂದೆ ಹೋಗುವವರು ಒಳಗೆ ಕೇಳುವಂತೆ, "ಬೆಲ್ಲದ ಧಾರಣಿ ಹೆಂಗೈತೋ?" ಎಂದು ಕೂಗತೊಡಗಿದರು. ಅದು ಕಿವಿಗೆ ಬಿದ್ದಾಗಲೆಲ್ಲ ಹುಲುಗಪ್ಪನ ಎದೆಯಲ್ಲಿ ಸಿಹಿ ಇಳಿದ ಹಾಗಾಗುತ್ತಿತ್ತು.

ಅವನು ಒಂದು ಪ್ರತಿಯನ್ನು ಹೆಮ್ಮೆಯಿಂದ ಅನಂತಪುರಕ್ಕೆ ಕಳಿಸಿದ್ದ. ದೊಡ್ಡಬಸಪ್ಪನವರಿಂದ ಒಂದು ಕಾರ್ಡು ಬಂತು. ಹೊಗಳಿಕೆ ಇರಲಿಲ್ಲ, ಬೈಗುಳವೂ ಇರಲಿಲ್ಲ. "ನಿಮ್ಮ ತಂದೆ ಬೇಡವೆಂದರು. ಆಮೇಲೆ ಹರಿಗೋಲು ಹೇಗೆ ಹೊರಟಿತು? ಅದಕ್ಕೆ ಕೈಯಿದೆಯೇ?" ಇಷ್ಟೇ. ಹುಲುಗಪ್ಪ ಕಾರ್ಡನ್ನು ಹರಿದು ಹಾಕಿದ.

ಜಡೆಪ್ಪನವರು ಸುಮ್ಮನಿರುವ ಆಸಾಮಿಯಲ್ಲ. ಸಂತೆ ಬಯಲಿನಲ್ಲಿ ತಾವೇ ಸಭೆ ಕರೆದರು. "ಆ ಕಾಲೇಜ್ ಹುಡುಗ ಗಂಡಸಾಗಿದ್ರ ನನ್ನ ಮುಂದ ನಿಂತು ಮಾತಾಡಲಿ," ಎಂದು ಡಂಗುರ ಹೊಡೆಸಿದರು. ಇಪ್ಪತ್ತೊಂದು ವರ್ಷದ ಅಂಬಿಗರ ಹುಡುಗ ಅಷ್ಟು ಜನರ ಮುಂದೆ ಬಾಯಿ ತೆರೆಯಲಾರ ಎಂದು ಅವರ ಲೆಕ್ಕ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಬಯಲು ತುಂಬಿತ್ತು. ಜಡೆಪ್ಪನವರು ಜರಿ ರುಮಾಲು ಸುತ್ತಿ ಕಟ್ಟೆಯ ಮೇಲಿನ ಕುರ್ಚಿಯಲ್ಲಿ ಕೂತಿದ್ದರು. ಉಜ್ಜಿನಪ್ಪನನ್ನು ಹುಲುಗಪ್ಪ ಹಂಪಿಯಿಂದ ಬಂಡಿಯಲ್ಲಿ ಕರೆತಂದು ಕಟ್ಟೆಯ ಕೆಳಗೆ ಕೂರಿಸಿದ್ದ. ಜಡೆಪ್ಪನವರು ಅವನನ್ನು ನೋಡಿದರು, ಮುಖ ತಿರುಗಿಸಿದರು. ಮುದುಕಪ್ಪ ಬಹಳ ಹಿಂದೆ, ಗೋಡೆಯ ಹತ್ತಿರ ನಿಂತಿದ್ದ. ಹನ್ನೊಂದು ವರ್ಷದಿಂದ ಅವನು ಜನ ಸೇರುವ ಕಡೆಗೆ ಬಂದಿರಲಿಲ್ಲ. ಮಗನಿಗಾಗಿ ಬಂದಿದ್ದ.

ಹುಲುಗಪ್ಪ ಕಟ್ಟೆ ಹತ್ತಿದ. ಕಲಿತ ಹಾಗೆ ಮೊದಲು ಸುಮ್ಮನೆ ನಿಂತ, ಗದ್ದಲ ತಾನಾಗಿ ಇಳಿಯುವವರೆಗೆ. ಆಮೇಲೆ ಮೆಲ್ಲನೆ ಶುರುಮಾಡಿದ.

"ನಾ ನಿಮಗ ಭಾಷಣ ಮಾಡಾಕ ಬಂದಿಲ್ರಿ. ಪ್ರಶ್ನಿ ಕೇಳಾಕ ಬಂದೀನಿ. ಆವತ್ತು ದಂಡಿ ಮ್ಯಾಲ ಇದ್ದವರು ನಿಮ್ಮಾಗ ಅದೀರಿ. ಹೊಳಿ ಏರಿತ್ತೋ ಇಲ್ಲೋ?"

"ಏರಿತ್ತು," ಎಂದರು ಒಂದಿಬ್ಬರು.

"ಹರಿಗೋಲಿನ್ಯಾಗ ಎಷ್ಟು ಮೂಟಿ ಇದ್ವು?"

"ಎಂಟು!"

"ಯಾರ ಮೂಟಿ?"

"ಸಾವ್ಕಾರ್ರವು."

"ಯಾರು ಹೇರಿಸಿದ್ರು?"

"ಸಾವ್ಕಾರ್ರು!"

"ಸಾವ್ಕಾರ್ರಿಗೆ ಹೆಸರು ಇಲ್ಲೇನ್ರಿ? ಯಾರು ಹೇರಿಸಿದ್ರು?"

"ಜಡೆಪ್ಪ!" ಎಂದು ಯಾರೋ ಕೂಗಿದರು. ಒಬ್ಬ ಕೂಗಿದ ಮೇಲೆ ಹತ್ತು ಜನ, ಆಮೇಲೆ ಬಯಲೆಲ್ಲ. ನಲವತ್ತು ವರ್ಷದಿಂದ 'ರು' ಹಚ್ಚದೆ ಆ ಹೆಸರನ್ನು ಊರಿನಲ್ಲಿ ಯಾರೂ ಆಡಿರಲಿಲ್ಲ. ಕುರ್ಚಿಯಲ್ಲಿದ್ದ ಮನುಷ್ಯನ ಮುಖ ಬಿಳಿಚಿತು. ಹುಲುಗಪ್ಪ ಅದನ್ನು ಕಣ್ಣು ತುಂಬ ನೋಡಿದ. ಅವನಿಗೆ ಬೇಕಾಗಿದ್ದದ್ದು ಇದೇ. ಇನ್ನೂ ಬೇಕು ಅನಿಸಿತು.

"ನಮ್ಮಪ್ಪ ಬ್ಯಾಡ ಅಂದ. ಅವನ ಮಾತು ಕೇಳಿದ್ರ ಏಳು ಜೀವ ಉಳಿತಿದ್ವು. ನಮ್ಮಪ್ಪಂದು ಇದರಾಗ ಎಳ್ಳಷ್ಟೂ—"

"ಹುಲುಗ್ಯಾ."

ಹಿಂದಿನಿಂದ ಬಂದ ದನಿ ದೊಡ್ಡದೇನೂ ಆಗಿರಲಿಲ್ಲ. ಆದರೆ ಹೊಳೆಯ ಮೇಲೆ ಕೂಗಿ ಅಭ್ಯಾಸವಾದ ದನಿ, ಬಯಲಿನ ಈ ತುದಿಗೂ ಕೇಳಿತು. ಜನ ದಾರಿ ಬಿಟ್ಟರು. ಮುದುಕಪ್ಪ ಮುಂದೆ ಬಂದ.

"ಯಪ್ಪಾ, ನೀ ಕುಂದ್ರು. ನಾ ಹೇಳ್ತೀನಿ."

"ನೀ ಕುಂದ್ರಲೇ," ಎಂದ ಮುದುಕಪ್ಪ. ಆಮೇಲೆ ಜನರ ಕಡೆ ತಿರುಗಿದ. "ನನಗ ಓದಾಕ ಬರಂಗಿಲ್ರಿ. ನಿನ್ನೆ ಒಬ್ಬರು ಆ ಕಾಗದ ಓದಿ ಹೇಳಿದ್ರು. ನಾ ಹೇಳಿದ್ದು ಅದರಾಗ ಪೂರಾ ಇಲ್ಲ. ಸಾವ್ಕಾರ್ರು ಹೇರಿಸಿದ್ದು ಖರೆ. ನಾ ಬ್ಯಾಡ ಅಂದಿದ್ದೂ ಖರೆ. ಕುಡಿದಿದ್ದಿಲ್ಲ, ಅದೂ ಖರೆ. ಆದ್ರ ಹುಟ್ಟು ನನ್ನ ಕೈಯಾಗಿತ್ತು. ನಾಳಿ ಕೂಲಿ ಹೋಗ್ತೈತಿ ಅಂತ ಹೆದರಿ ಹಾಕಿದೆ. ನಾ ಒಲ್ಲೆ ಅಂತ ಕೆಳಗ ಕುಂತಿದ್ರ ಹರಿಗೋಲು ದಂಡಿ ಬಿಡ್ತಿದ್ದಿಲ್ಲ. ಉಜ್ಜಿನಪ್ಪನವರೇ, ನಾ ಇದನ್ನ ಹೇಳಿದ್ದೆನೋ ಇಲ್ಲೋ?"

"ಹೇಳಿದ್ದಿ," ಎಂದ ಉಜ್ಜಿನಪ್ಪ ಕೂತಲ್ಲಿಂದಲೇ. "ತಪ್ಪು ನಂದೂ ಐತಿ ಅಂತ ಬರಸಿದ್ದಿ. ಸಾವ್ಕಾರ್ರು ಎಲ್ಲಾ ನಿನ್ನ ತಲಿಗೇ ಕಟ್ಟು ಅಂತ ಬೇರೆ ಬರಸಿದ್ರು."

ತಂದೆ ತನ್ನ ಕೈಯಿಂದ ಕತ್ತಿಯನ್ನು ಕಿತ್ತುಕೊಂಡ ಎಂದೇ ಹುಲುಗಪ್ಪನಿಗೆ ಅನಿಸಿತು. ಆಗ ಹೆಂಗಸರ ಗುಂಪಿನಿಂದ ಹೊಳೆಮ್ಮ ಎದ್ದು ಬಂದಳು. ಅವಳಿಗೆ ಆಗಲೇ ಕೂದಲು ನೆರೆತಿತ್ತು. ಮುದುಕಪ್ಪನ ಮುಂದೆ ನಿಂತಳು.

"ಹನ್ನೊಂದು ವರ್ಷ ದಿನಾ ಮುಂಜಾನೆ ನಿನಗ ಶಾಪ ಹಾಕೀನಿ, ಮುದುಕಪ್ಪ."

"ಗೊತ್ತವ್ವಾ."

"ಇನ್ನ ಮ್ಯಾಲೂ ಹಾಕ್ತೀನಿ. ಆದ್ರ ಅದರಾಗ ಮುಕ್ಕಾಲು ಬ್ಯಾರೆಯವರ ಪಾಲಿಂದು ಅಂತ ಯಾರೂ ನನಗ ಹೇಳಲಿಲ್ಲ."

ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕಟ್ಟೆಯವರೆಗೆ ನಡೆದು ಹೋಗಿ ಜಡೆಪ್ಪನವರ ಕುರ್ಚಿಯ ಕಡೆಗೆ ತೂರಿದಳು. ಜರಿ ರುಮಾಲಿನ ಮೇಲೆ ಮಣ್ಣು ಬಿತ್ತು. ಅವರ ಆಳುಗಳು ಯಾರೂ ಮುಂದೆ ಬರಲಿಲ್ಲ. ಅವಳ ಹಿಂದೆ ಇನ್ನೊಬ್ಬಳು ಬಗ್ಗಿದಳು, ಅವಳ ಅಣ್ಣ ಆ ಏಳರಲ್ಲಿ ಒಬ್ಬ. ಆಮೇಲೆ ಮತ್ತೊಬ್ಬಳು. ಜಡೆಪ್ಪನವರು ಎದ್ದು, ಕಟ್ಟೆಯ ಹಿಂದಿನಿಂದ ಇಳಿದು ಮನೆಗೆ ಹೋದರು.

ಕರಪತ್ರವನ್ನು ಚುನಾವಣೆಯ ಸುಳ್ಳು ಎಂದು ನಂಬದೆ ಇದ್ದ ರೈತರು ಕೂಡ, ತನ್ನ ತಪ್ಪನ್ನು ತಾನೇ ಹೇಳಿಕೊಂಡವನ ಮಾತನ್ನು ನಂಬಿದರು. ಜಡೆಪ್ಪನವರು ಸೋತರು. ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಹರಾಜಿನಲ್ಲಿ ಹೊಳೆಯ ಗುತ್ತಿಗೆ ಬೇರೆಯವರ ಪಾಲಾಯಿತು. ಬೆಲ್ಲದ ವ್ಯಾಪಾರಿಗಳು ಅವರ ಮಳಿಗೆಯ ಕಡೆ ಹೋಗುವುದನ್ನು ಬಿಟ್ಟರು. ಮೂರು ತಿಂಗಳಲ್ಲಿ ಮನೆಗೆ ಬೀಗ ಹಾಕಿ, ಹೆಂಡತಿಯನ್ನು ಕರೆದುಕೊಂಡು ಸಂಡೂರಿನ ಅಳಿಯನ ಹತ್ತಿರ ಹೋದರು.

ಹುಲುಗಪ್ಪ ತಂದೆಯೊಡನೆ ನಾಲ್ಕು ತಿಂಗಳು ಮಾತಾಡಲಿಲ್ಲ. "ಗೆಲ್ಲೋ ಹೊತ್ತಿನ್ಯಾಗ ನನ್ನ ಮಾನ ಕಳದ," ಎಂದು ತಾಯಿಯ ಮುಂದೆ ಹೇಳಿದ. ವಿರುಪಮ್ಮ, "ಗೆದ್ದೀಯಲ್ಲೋ, ಇನ್ನೇನು ಬೇಕು?" ಎಂದಳು. ಅವನಿಗೆ ಏನು ಬೇಕು ಎಂಬುದು ಗೊತ್ತಿತ್ತು. ಊರು ಮಾತಾಡಿತು, ತಂದೆ ಮಾತಾಡಿದ, ಉಜ್ಜಿನಪ್ಪ ಮಾತಾಡಿದ. ಜಡೆಪ್ಪ ಮಾತ್ರ ಬಾಯಿ ತೆರೆದು ಹೇರಿಸಿದೆ ಎಂದಿರಲಿಲ್ಲ. ತಂದೆಯ ಹೆಬ್ಬೆಟ್ಟಿಗೆ ಪ್ರತಿಯಾಗಿ ಜಡೆಪ್ಪನ ಸಹಿ ಬೇಕು.

ಅವನು ಕೂತು ಜಡೆಪ್ಪನ ಹೆಸರಿನಲ್ಲಿ ಒಂದು ಹೇಳಿಕೆ ಬರೆದ. ಈ ಸಲ ಯಾವುದನ್ನೂ ಬಿಡಲಿಲ್ಲ. 'ಮುದುಕಪ್ಪನು ಹೆದರಿ ಹುಟ್ಟು ಹಾಕಿದನು' ಎಂಬುದನ್ನೂ ಬರೆದ. ಬರೆಯುವಾಗ ಕೈ ಭಾರವಾಯಿತು, ಆದರೂ ಬರೆದ. ಮರುದಿನ ಸಂಡೂರಿಗೆ ಹೋದ.

ಬಾಗಿಲು ತೆರೆದವಳು ಜಡೆಪ್ಪನವರ ಹೆಂಡತಿ ಸುವರ್ಣಮ್ಮ. ಕಂಪ್ಲಿಯಿಂದ ಬಂದೆ ಎಂದದ್ದೇ ತಡ, ಊರಿನವನು ಎಂಬ ಸಂತೋಷಕ್ಕೆ ಯಾರು ಎಂದೂ ಕೇಳದೆ ಕೂರಿಸಿ ಮಜ್ಜಿಗೆ ತಂದುಕೊಟ್ಟಳು. ಜಡೆಪ್ಪನವರು ಒಳಗಿನಿಂದ ಬಂದು ಹೊಸ್ತಿಲಲ್ಲೇ ನಿಂತರು.

"ಇನ್ನೂ ಏನು ಉಳದೈತಲೇ? ಊರು ಬಿಟ್ಟೀನಲ್ಲ."

"ಒಂದು ಸಹಿ, ಸಾವ್ಕಾರ್ರೇ."

"ಹಾಕಂಗಿಲ್ಲ. ಹೋಗು."

"ಏನದು?" ಎಂದು ಸುವರ್ಣಮ್ಮ ಕೈ ಚಾಚಿದಳು. ಅವಳಿಗೆ ಓದು ಬರುತ್ತದೆ ಎಂಬುದು ಹುಲುಗಪ್ಪನಿಗೆ ಗೊತ್ತಿರಲಿಲ್ಲ. ಕಾಗದವನ್ನು ಕೊಟ್ಟುಬಿಟ್ಟ. ಅವಳು ಬಾಗಿಲ ಬೆಳಕಿಗೆ ಹಿಡಿದು ಮೆಲ್ಲನೆ, ಅಕ್ಷರ ಅಕ್ಷರವಾಗಿ ಓದಿದಳು. ಕಂಪ್ಲಿಯಲ್ಲಿ ನಡೆದ ಗದ್ದಲವೆಲ್ಲ ಚುನಾವಣೆಯವರು ಕಟ್ಟಿದ ಸುಳ್ಳು ಎಂದು ಗಂಡ ಅವಳಿಗೆ ಹೇಳಿದ್ದ. ಓದುತ್ತಾ ಒಂದು ವಾಕ್ಯಕ್ಕೆ ಬಂದು ನಿಂತಳು.

"ಶ್ರಾವಣದ ಎರಡನೇ ಸೋಮವಾರ. ಎಂಟು ಮೂಟಿ." ಗಂಡನ ಕಡೆ ನೋಡಿದಳು. "ಆಚಿ ದಂಡಿಗೆ ನಮ್ಮಪ್ಪನ ಅಂಗಡಿಗೆ ಕಳಸಬೇಕಾಗಿದ್ದ ಬೆಲ್ಲ ಏನ್ರಿ ಇದು?"

ಜಡೆಪ್ಪನವರು ಕಾಗದಕ್ಕೆ ಕೈ ಚಾಚಿದರು, ಅವಳು ಕೊಡಲಿಲ್ಲ.

"ಮಳಿಗ್ಯಾಗ ನೀರು ಬಂದು ಕರಗಿ ಹೋತು ಅಂದಿದ್ರಿ. ನಾ ನಮ್ಮಪ್ಪಗ ಹಂಗೇ ಹೇಳಿ ಕಳಸಿದ್ದೆ. ಆ ವಾರ ಸತ್ತವರ ಮನಿಗೆ ಜ್ವಾಳಾ ಕೊಟ್ಟು ಬಂದೆ. ಅವರು ನನ್ನ ಕಾಲು ಮುಟ್ಟಿದ್ರು." ಅವಳ ದನಿ ಏರಲೇ ಇಲ್ಲ. "ಸಹಿ ಹಾಕ್ರಿ."

"ಸುವರ್ಣಾ, ನಿನಗ ತಿಳಿಯಂಗಿಲ್ಲ, ಈ ಕಾಗದ ಇಟಗೊಂಡು ಇವ—"

"ತಿಳಿಯಾಕ ಏನೈತಿ? ನೀವು ಹೇರಿಸಿದ್ರೋ ಇಲ್ಲೋ?"

ಅವರು ಗೋಡೆ ಹಿಡಿದುಕೊಂಡು ಚಾಪೆಯ ಮೇಲೆ ಕೂತರು. ಸುವರ್ಣಮ್ಮನೇ ಒಳಗಿನಿಂದ ಮಸಿಕುಡಿಕೆ, ಲೇಖನಿ ತಂದಿಟ್ಟಳು. ಜಡೆಪ್ಪನವರು ಸಹಿ ಹಾಕಿದರು. ಹಾಕುವಾಗ ಹೆಂಡತಿಯ ಮುಖವನ್ನು ನೋಡಲು ಯತ್ನಿಸಿದರು. ಅವಳು ಆಗಲೇ ಹಿತ್ತಲ ಕಡೆಗೆ ಹೋಗಿದ್ದಳು. ಸಭೆಯಲ್ಲಿ ಬಿದ್ದ ಮಣ್ಣು ಅವರಿಗೆ ಇಷ್ಟು ತಾಗಿರಲಿಲ್ಲ ಎಂಬುದು ಹುಲುಗಪ್ಪನಿಗೆ ಕಂಡಿತು. ಇಂಥದೊಂದು ಪೆಟ್ಟನ್ನು ಅವನು ಯೋಚಿಸಿಯೇ ಇರಲಿಲ್ಲ. ಯೋಚಿಸಿದ್ದರೆ ಮೊದಲೇ ಬರುತ್ತಿದ್ದ.

ಹೊರಡುವಾಗ ಸುವರ್ಣಮ್ಮ ಅಂಗಳದವರೆಗೆ ಬಂದಳು. "ಆತಲ್ಲಪ್ಪ. ಇನ್ನ ಮ್ಯಾಲ ಈ ಮನಿಗೆ ಬರಬ್ಯಾಡ."

"ಬರಂಗಿಲ್ರಿ, ಅವ್ವಾರ."

ಮರುದಿನ ಬೆಳಿಗ್ಗೆ ಅವನು ಕಂಪ್ಲಿಯ ಹೊಳೆದಂಡೆಗೆ ಹೋದ. ಹೊಸ ಗುತ್ತಿಗೆದಾರ ಮುದುಕಪ್ಪನನ್ನು ಮತ್ತೆ ಕೆಲಸಕ್ಕೆ ಕರೆದು ಹದಿನೈದು ದಿನವಾಗಿತ್ತು. ಮೊದಲ ಎರಡು ದಿನ ಅವನ ಹರಿಗೋಲು ಖಾಲಿ ನಿಂತಿತ್ತು. ಮೂರನೆಯ ದಿನ ಹೊಳೆಮ್ಮ ತರಕಾರಿಯ ಬುಟ್ಟಿ ಹೊತ್ತು ಬಂದು, ಯಾರ ಕಡೆಗೂ ನೋಡದೆ ಹತ್ತಿ ಕೂತಿದ್ದಳು. ಆಮೇಲೆ ಉಳಿದವರು ಹತ್ತಿದ್ದರು.

ಹುಲುಗಪ್ಪ ತಂದೆಯ ಮುಂದೆ ಕಾಗದ ಬಿಚ್ಚಿದ. ನಾಲ್ಕು ತಿಂಗಳ ಮೇಲೆ ಮೊದಲ ಸಲ ಮಾತಾಡಿಸಿದ.

"ಯಪ್ಪಾ, ಜಡೆಪ್ಪ ಸಹಿ ಹಾಕ್ಯಾನ. ಓದ್ತೀನಿ, ಕೇಳು."

ಮುದುಕಪ್ಪ ಕಾಗದವನ್ನು ನೋಡಿದ, ಮಗನ ಮುಖವನ್ನು ನೋಡಿದ. ದಂಡೆಯ ಮೇಲೆ ಆರೇಳು ಜನ ಸಂತೆಗೆ ಹೊರಟವರು ಕಾಯುತ್ತಿದ್ದರು, ಒಬ್ಬ ಹೆಂಗಸು ಬಿಸಿಲೇರುತ್ತದೆ ಎಂದು ಗೊಣಗುತ್ತಿದ್ದಳು.

"ಆಮ್ಯಾಲ ಓದೀಯಂತ. ಮಂದಿ ನಿಂತಾರ," ಎಂದು ಅವನು ಹುಟ್ಟು ತೆಗೆದುಕೊಂಡು ನೀರಿಗಿಳಿದ.

ಹುಲುಗಪ್ಪ ದಂಡೆಯ ಬಂಡೆಯ ಮೇಲೆ ಕೂತ. ಹರಿಗೋಲು ಸುತ್ತುತ್ತಾ ಸುತ್ತುತ್ತಾ ಆಚೆ ದಂಡೆ ಮುಟ್ಟುವುದರೊಳಗೆ ಆ ಕಾಗದವನ್ನು ತಾನೇ ಮೂರು ಸಲ ಓದಿಕೊಂಡ, ಪ್ರತಿ ಸಲವೂ ಸಹಿಯವರೆಗೆ.